ಹೊಸ್ತಿಲು ದಾಟದೆ ತೋರಿಸಿದ ಕೈ

ನನ್ನ ತಂಗಿಯ ಎಡತೋಳಿನ ಮೇಲೆ ಅವರೆಕಾಳಿನಷ್ಟು ಒಂದು ಕಲೆ ಇದೆ. ನನ್ನ ತೋಳಿನ ಮೇಲೆ ಇಲ್ಲ. ಎಪ್ಪತ್ತು ದಾಟಿದ ಮೇಲೂ ನಮ್ಮಿಬ್ಬರಿಗೆ ಜಗಳ ಬಂದರೆ ಆಕೆ ಸೆರಗು ಸರಿಸಿ ಆ ಕಲೆ ತೋರಿಸಿ, "ನಿನಗ ಸೂಜಿ ಸಿಗಲಿಲ್ಲ ನೋಡು" ಎಂದು ಅಣಕಿಸುತ್ತಾಳೆ. ಸಿಗಲಿಲ್ಲ, ಒಪ್ಪಿದೆ. ಸಿಗಲಿಲ್ಲವೆಂದು ಸರ್ಕಾರದ ನರ್ಸಮ್ಮನ ಕೈ ಕಚ್ಚಿದ್ದೂ ನಿಜ. ಆದರೆ ಆಕೆಯನ್ನು ಸೊಂಟದ ಮೇಲೆ ಹೊತ್ತು, ಓಣಿಯ ಮಾಳಿಗೆಗಳನ್ನೆಲ್ಲ ದಾಟಿಸಿ ಆ ಸೂಜಿಯ ಹತ್ತಿರ ಒಯ್ದವಳು ನಾನೇ. ಅದನ್ನು ಮಾತ್ರ ಆಕೆ ಯಾರಿಗೂ ಹೇಳುವುದಿಲ್ಲ. ಆಗ ಆಕೆಗೆ ನಾಲ್ಕು ವರ್ಷ, ನನಗೆ ಹನ್ನೊಂದು.

ನಮ್ಮೂರು ಪೆದ್ದಕಡುಬೂರು. ಆದೋನಿ ತಾಲ್ಲೂಕು ಬಳ್ಳಾರಿ ಜಿಲ್ಲೆ ಬಿಟ್ಟು ಕರ್ನೂಲಿಗೆ ಸೇರಿ ಒಂದೆರಡು ವರ್ಷವಾಗಿತ್ತು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಸಂತೆಯಲ್ಲಿ ಎರಡೂ. ಅಪ್ಪನಿಗೆ ಜೋಳ, ಹತ್ತಿ ಬೆಳೆಯುವ ಒಂದಿಷ್ಟು ಕರಿಹೊಲವಿತ್ತು. ಮನೆಯಲ್ಲಿ ಇದ್ದದ್ದು ಅಪ್ಪ, ಅಪ್ಪನ ತಾಯಿ ಅಂದರೆ ನಮ್ಮಜ್ಜಿ, ನಾನು, ತಂಗಿ. ಅವ್ವ ಇರಲಿಲ್ಲ. ಆಕೆ ಹದಿನಾಲ್ಕು ತಿಂಗಳಿನಿಂದ ದೂರದ ಕೆಮ್ಮಿನ ಆಸ್ಪತ್ರೆಯಲ್ಲಿದ್ದಳು. ಕ್ಷಯ ಎಂಬ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ಓಣಿಯವರು ನಮ್ಮ ಮುಂದೆ ಆಡುತ್ತಿರಲಿಲ್ಲ, ಹಿಂದೆ ಬಿಡುತ್ತಿರಲಿಲ್ಲ.

ಆಸ್ಪತ್ರೆಗೆ ಹೋಗುವ ಮುಂಚೆ ನಾಲ್ಕೈದು ತಿಂಗಳು ಅವ್ವ ಹಿಂದಿನ ಸಣ್ಣ ಕೋಣೆಯಲ್ಲಿ ಮಲಗಿರುತ್ತಿದ್ದಳು. ನಮ್ಮನ್ನು ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ. ಬಾಗಿಲಲ್ಲಿ ನನ್ನ ನೆರಳು ಬಿದ್ದರೆ ಸಾಕು, "ಹೋಗು, ಆಡಿಕೋ ಹೋಗು" ಎಂದು ಕೈ ಬೀಸುತ್ತಿದ್ದಳು. ನಾನು ಬಿಡುವ ಪೈಕಿಯೇ? ಮಧ್ಯಾಹ್ನ ಅಜ್ಜಿ ತಂಗಿಯನ್ನು ಎತ್ತಿಕೊಂಡು ಹೊಲಕ್ಕೆ ಬುತ್ತಿ ಒಯ್ಯುವುದನ್ನೇ ಕಾದಿದ್ದು, ಕೋಣೆಯ ಗೋಡೆಗೆ ಕಿವಿಕೊಟ್ಟು ಕೂರುತ್ತಿದ್ದೆ. ಕೆಮ್ಮು ನಿಂತು ಉಸಿರಾಟ ಒಂದೇ ಸಮ ಆಯಿತು ಅಂದರೆ ಅವ್ವನಿಗೆ ನಿದ್ದೆ ಹತ್ತಿತು ಅಂತ ಲೆಕ್ಕ. ಆಗ ಬೆಕ್ಕಿನ ಹಾಗೆ ಒಳಗೆ ಹೋಗಿ ಆಕೆಯ ಬೆನ್ನಿಗೆ ಅಂಟಿಕೊಂಡು ಮಲಗುತ್ತಿದ್ದೆ. ಸೆರಗಿನ ತುದಿಯನ್ನು ಮುಖದ ಮೇಲೆ ಎಳೆದುಕೊಳ್ಳುತ್ತಿದ್ದೆ. ಆಕೆ ಹೊರಳುವ ಮುಂಚೆ ಎದ್ದು ಹೊರಗೆ ಬಂದುಬಿಡುತ್ತಿದ್ದೆ. ಅಜ್ಜಿಗೆ ಗೊತ್ತಿಲ್ಲ, ಅವ್ವನಿಗೂ ಗೊತ್ತಿಲ್ಲ, ಎಲ್ಲರಿಗಿಂತ ನಾನೇ ಜಾಣೆ ಎಂದು ಬೀಗುತ್ತಿದ್ದೆ.

ಸಂಕ್ರಾಂತಿ ಕಳೆದು, ಊರಿನ ಮಾಳಿಗೆಗಳ ಮೇಲೆಲ್ಲ ಮೆಣಸಿನಕಾಯಿ ಒಣಹಾಕಿದ್ದ ದಿನಗಳಲ್ಲಿ ಆಸ್ಪತ್ರೆಯಿಂದ ಕಾಗದ ಬಂತು. ಅಪ್ಪ ಕಟ್ಟೆಯ ಮೇಲೆ ಕುಳಿತು ಮೊದಲು ತೆಲುಗಿನಲ್ಲಿ ತಾನೇ ಓದಿಕೊಂಡು, ಆಮೇಲೆ ಅಜ್ಜಿಗೆ ಕನ್ನಡದಲ್ಲಿ ಹೇಳಿದ.

"ಕಫದಾಗ ಈಗ ರೋಗ ಇಲ್ಲಂತ. ಬಂದು ಕರಕೊಂಡು ಹೋಗ್ರಿ ಅಂದಾರ. ಆದರ ಮನ್ಯಾಗಿನ ಹುಡುಗರಿಗೆ ಮೊದಲ ಬಿ.ಸಿ.ಜಿ. ಸೂಜಿ ಹಾಕಿಸಬೇಕಂತ. ಹಾಕಿಸದಿದ್ರ ಇನ್ನೂ ಕೆಲವು ತಿಂಗಳು ತಾಯಿ ಹತ್ರ ಮಲಗಿಸಬ್ಯಾಡ್ರಿ ಅಂತ ಬರದಾರ."

ನಾನು ಕುಣಿದುಬಿಟ್ಟೆ. ನಮ್ಮೂರಿಗೂ ಸೋಮವಾರ ಅದೇ ಸೂಜಿಯ ಜೀಪು ಬರುತ್ತದೆ ಎಂದು ಹಿಂದಿನ ದಿನವಷ್ಟೇ ಡಂಗುರ ಸಾರಿದ್ದರು! ಇನ್ನೇನು ಬೇಕು? ಕೂಸು ಹುಟ್ಟುವುದಕ್ಕೆ ಮುಂಚೆ ಕುಲಾವಿ ಅನ್ನುತ್ತಾರಲ್ಲ, ಹಾಗೆ ಅವತ್ತೇ ಹಿಂದಿನ ಕೋಣೆಯನ್ನು ಸೆಗಣಿ ಹಾಕಿ ಸಾರಿಸಿ, ಅವ್ವನ ಚಾಪೆಯ ಪಕ್ಕದಲ್ಲಿ ನನ್ನ ಕೌದಿಯನ್ನೂ ಹಾಸಿಟ್ಟೆ. ಭಾನುವಾರ ಅಪ್ಪ ಆದೋನಿಗೆ ಹೋಗಿ ರೈಲು ಹತ್ತುವವನಿದ್ದ. ಹೊರಡುವಾಗ ಕೌದಿ ನೋಡಿ ನಕ್ಕ.

"ನಾ ಶನಿವಾರ ನಿಮ್ಮವ್ವನ ಕರಕೊಂಡು ಬರ್ತೀನಿ. ಅಷ್ಟರಾಗ ಇಬ್ರೂ ಸೂಜಿ ಹಾಕಿಸಿಕೊಂಡಿರ್ರಿ. ಇಲ್ಲಾಂದ್ರ ಈ ಕೌದಿ ಅಜ್ಜಿ ಹತ್ರಾನ ಹಾಸಬೇಕಾಗತೈತಿ ನೋಡು" ಎಂದ.

ಸೋಮವಾರ ಜೀಪಿನ ಸದ್ದು ಕೇಳಿದ್ದೇ ತಂಗಿಯ ಕೈ ಹಿಡಿದು ಓಡಿದೆ. ಮಕ್ಕಳೆಲ್ಲ ಸೂಜಿಗೆ ಹೆದರಿ ಕಣಜದ ಹಿಂದೆ, ಬಣವೆಯ ಹಿಂದೆ ಅಡಗುತ್ತಿದ್ದರೆ ನಾನು ಶಾಲೆಯ ಅಂಗಳದಲ್ಲಿ ತೋಳು ಮೇಲೇರಿಸಿ ಸಾಲಿನಲ್ಲಿ ಮೊದಲಿಗಳಾಗಿ ನಿಂತಿದ್ದೆ. ಸ್ಟವ್ ಮೇಲೆ ಪಾತ್ರೆಯಲ್ಲಿ ಸೂಜಿಗಳು ಕುದಿಯುತ್ತಿದ್ದವು. ಸ್ಪಿರಿಟ್ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಬಿಳಿ ಸೀರೆಯ ನರ್ಸಮ್ಮ ಕರಾವಳಿ ಕಡೆಯ ತೆಲುಗಿನಾಕೆ. ನಮ್ಮ ಕನ್ನಡ ಆಕೆಗೆ ಚೂರುಪಾರು ಅರ್ಥವಾಗುತ್ತಿತ್ತು. ಮುಂಗೈಯ ಒಳಭಾಗದಲ್ಲಿ ಚರ್ಮದಡಿಗೆ ಸೂಜಿ ತೂರಿಸಿದಾಗ ಸಬ್ಬಕ್ಕಿಯಷ್ಟು ಬೆಳ್ಳಗೆ ಉಬ್ಬಿತು. ಇದು ಬರೀ ಪರೀಕ್ಷೆ, ಗುರುವಾರ ಬಂದು ಕೈ ತೋರಿಸಬೇಕು, ಆಗ ಯಾರಿಗೆ ಬೇಕೋ ಅವರಿಗೆ ತೋಳಿಗೆ ನಿಜವಾದ ಸೂಜಿ ಹಾಕುತ್ತೇವೆ ಎಂದು ನರ್ಸಮ್ಮ ಪ್ರತಿಯೊಬ್ಬರಿಗೂ ಹೇಳಿದಳು. ನಾನೂ ತಲೆಯಾಡಿಸಿದೆ. ಯಾರಿಗೆ ಬೇಕೋ ಅವರಿಗೆ ಅಂದರೆ ನನಗೆ, ಇನ್ಯಾರಿಗೆ!

ಮನೆಗೆ ಬಂದು ನೋಡಿದರೆ ಅಜ್ಜಿ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುತ್ತಿದ್ದಳು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸಿಡುಬಿನ ಸೂಜಿ ಹಾಕುವುದಕ್ಕೆ ನಮ್ಮಲ್ಲಿ ದೇವಿ ಹಾಕುವುದು ಅನ್ನುತ್ತಾರೆ. ಸರ್ಕಾರದವನು ಬಂದು ಚುಚ್ಚಿ ಹೋದ ಅಂದರೆ ಅಮ್ಮ ಮನೆಗೆ ಬಂದಳು ಅಂತಲೇ. ಐದು ದಿನ ಒಗ್ಗರಣೆ ಇಲ್ಲ, ತಲೆ ಬಾಚುವಂತಿಲ್ಲ, ಸ್ನಾನ ಇಲ್ಲ. ಹೊರಗಿನವರು ಒಳಗೆ ಬರುವಂತಿಲ್ಲ, ಚುಚ್ಚಿಸಿಕೊಂಡವರು ಹೊಸ್ತಿಲು ದಾಟುವಂತಿಲ್ಲ. ಆರನೆಯ ದಿನ ಬೇವಿನ ನೀರು ಹಾಕಿ, ಮೊಸರನ್ನ ಎಡೆಯಿಟ್ಟು ಅಮ್ಮನನ್ನು ಕಳಿಸಿಕೊಡಬೇಕು. ನಮ್ಮೂರಿನ ಅಜ್ಜಿಯರಿಗೆ ಸೂಜಿ ಅಂದರೆ ಅದೊಂದೇ ಗೊತ್ತು. ಇದು ಕೆಮ್ಮಿನ ಸೂಜಿ ಎಂದು ನಾನು ಬಡಕೊಂಡೆ. ಯಾವ ಸೂಜಿಯಾದರೂ ಚುಚ್ಚಿದವಳು ಅಮ್ಮನೇ ಎಂದಳು ಅಜ್ಜಿ. ಆಕೆಯ ಎರಡು ಮಕ್ಕಳು ಹಿಂದೆ ಸಿಡುಬಿನಲ್ಲಿ ಹೋಗಿದ್ದವು. ಆಕೆ ಹಟ ಮಾಡುತ್ತಿರಲಿಲ್ಲ, ಹೆದರಿದ್ದಳು ಎಂದು ನನಗೆ ತಿಳಿದದ್ದು ನನಗೂ ಮಕ್ಕಳಾದ ಮೇಲೆ.

ಬುಧವಾರಕ್ಕೆ ನನ್ನ ಮುಂಗೈ ಕೆಂಪಗೆ ಬಾತುಕೊಂಡಿತು. ನಡುವೆ ಗಟ್ಟಿ, ಮುಟ್ಟಿದರೆ ಬಿಸಿ, ಕೆರೆದುಕೊಳ್ಳಬೇಕು ಅನ್ನಿಸುವಷ್ಟು ತುರಿಕೆ. ತಂಗಿಯ ಕೈಯಲ್ಲಿ ಸೂಜಿ ಚುಚ್ಚಿದ ಗುರುತೂ ಇರಲಿಲ್ಲ.

ಅಜ್ಜಿ ನನ್ನ ಕೈ ಕಣ್ಣಿಗೊತ್ತಿಕೊಂಡಳು. "ನೋಡು, ಅಮ್ಮ ಈಕಿಗೆ ಒಲಿದಾಳ. ಸಣ್ಣಾಕಿಗೆ ಹತ್ತೇ ಇಲ್ಲ" ಎಂದು ಮರುಗಿದಳು.

ನಾನು ಮೂರು ಹೊತ್ತೂ ತಂಗಿಯ ಮೂಗಿನ ಮುಂದೆ ಕೈ ಹಿಡಿದು, "ನನಗ ಹತ್ತೇತಿ, ನಿನಗ ಹತ್ತಿಲ್ಲ. ಅವ್ವನ ಹತ್ರ ನಾನೊಬ್ಬಾಕಿನ ಮಲಗಾಕಿ" ಎಂದು ಅಳಿಸುತ್ತಿದ್ದೆ. ಪಾಪ, ಅದಕ್ಕೆ ಅವ್ವನ ಮುಖವೇ ನೆನಪಿರಲಿಲ್ಲ. ನಾನು ಅಳಿಸಿದೆ ಎಂದು ಅಳುತ್ತಿತ್ತು, ಅಷ್ಟೆ.

ಗುರುವಾರ ಬೆಳಿಗ್ಗೆ ಹಲಗೆ ಬಡಿಯುತ್ತ ತಳವಾರ ಓಣಿಗೆ ಬಂದ. "ಸೂಜಿ ಹಾಕಿಸಿಕೊಂಡವರೆಲ್ಲ ಶಾಲಿಗೆ ಬಂದು ಕೈ ತೋರಿಸಬೇಕಂತ್ರೀ! ಮಧ್ಯಾಹ್ನಕ್ಕ ಜೀಪು ಎಮ್ಮಿಗನೂರಿಗೆ ಹೋಗತೈತಂತ್ರೀ!"

ನಾನು ತಂಗಿಯನ್ನು ಎಳೆದುಕೊಂಡು ಬಾಗಿಲಿಗೆ ಬಂದರೆ ಅಜ್ಜಿ ಕೈ ಅಡ್ಡ ಹಿಡಿದು ನಿಂತಿದ್ದಳು.

"ಅಜ್ಜೀ, ಇವತ್ತ ನಿಜವಾದ ಸೂಜಿ. ಅದು ಬರೇ ಪರೀಕ್ಷಿ."

"ಒಮ್ಮಿ ಹಾಕಿಸಿಕೊಂಡಿಯಲ್ಲ, ಮತ್ಯಾವ ಸೂಜಿ? ಕೈ ನೋಡು ಹೆಂಗ ಬಾತೈತಿ. ಅಮ್ಮ ಕುಂತಾಳ ಅದರಾಗ."

"ಅವರು ಹೊಂಟೇ ಹೋಗ್ತಾರ. ಅವ್ವ ಬಂದ್ರ ನಾ ಹೆಂಗ ಮಲಗಲಿ?"

"ಊರಿಗೆ ಬಂದಾಕಿ ನೀರಿಗೆ ಬರದೆ ಇರ್ತಾಳೇನು? ನರ್ಸು ಮತ್ತ ಬರ್ತಾಳ ತಗಾ. ಏನರ ಮಾಡು, ಅಳು, ಹೊಳ್ಳ್ಯಾಡು. ಹೊಸ್ತಲಾ ಮಾತ್ರ ದಾಟಬ್ಯಾಡ. ಎರಡು ಕಳಕೊಂಡೀನಿ ನಾನು."

ಅತ್ತೆ. ನೆಲದ ಮೇಲೆ ಹೊರಳಾಡಿದೆ. ಚೊಂಬು ಒದ್ದೆ. ಅಜ್ಜಿ ಹೊಸ್ತಿಲ ಮೇಲೆ ಕೂರಬಾರದೆಂದು ಅದರ ಒಳಮಗ್ಗುಲಿಗೇ ಕಾಲು ನೀಡಿ ಕುಳಿತುಬಿಟ್ಟಳು. ಹೊರಗೆ ಓಣಿ ಬಿಕೋ ಅನ್ನುತ್ತಿತ್ತು. ಕಂಡಷ್ಟು ಬಾಗಿಲಿಗೆಲ್ಲ ಬೇವಿನ ಸೊಪ್ಪು. ಎಲ್ಲ ಮನೆಯಲ್ಲೂ ನಮ್ಮಜ್ಜಿಯಂಥ ಒಬ್ಬೊಬ್ಬಳು ಕಾವಲು ಕುಳಿತಿರಬೇಕು. ಶಾಲೆಯಲ್ಲಿ ನರ್ಸಮ್ಮ ಖಾಲಿ ಅಂಗಳ ನೋಡುತ್ತ ಕುಳಿತಿರುತ್ತಾಳೆ, ಮಧ್ಯಾಹ್ನ ಎದ್ದು ಹೋಗುತ್ತಾಳೆ. ಎಂಥ ಸಂಕಟ ಅಂತೀರಿ!

ಅಳುತ್ತ ಮಲಗಿದ್ದವಳ ಕಣ್ಣಿಗೆ ಮೇಲಿನ ಬೆಳಕಿಂಡಿ ಬಿತ್ತು. ಅದರ ಪಕ್ಕಕ್ಕೇ ಮಾಳಿಗೆಗೆ ಹತ್ತುವ ಏಣಿ. ನಮ್ಮ ಕಡೆಯ ಮನೆಗಳು ನಿಮಗೆ ಗೊತ್ತಿರಬಹುದು: ಮಣ್ಣಿನ ಚಪ್ಪಟೆ ಮಾಳಿಗೆ, ಒಂದರ ಹೆಗಲಿಗೆ ಇನ್ನೊಂದು ಆತುಕೊಂಡು ಓಣಿಯ ಉದ್ದಕ್ಕೂ ಸಾಗುತ್ತವೆ. ಮೆಣಸಿನಕಾಯಿ ಒಣಹಾಕಲು ಏಣಿ ಮನೆಯ ಒಳಗಿನಿಂದಲೇ ಇರುತ್ತದೆ. ಏಣಿಗೆ ಹೊಸ್ತಿಲು ಇರುವುದಿಲ್ಲ.

ತಂಗಿಯನ್ನು ಸೊಂಟಕ್ಕೇರಿಸಿ ಹತ್ತಿದೆ. ಅಜ್ಜಿ ತಿರುಗಿ ನೋಡುವಷ್ಟರಲ್ಲಿ ನಾನು ಮೇಲಿದ್ದೆ. ಬೆಳಕಿಂಡಿಯಲ್ಲಿ ಬಗ್ಗಿ, "ಹೊಸ್ತಲಾ ದಾಟಿಲ್ಲ ಅಜ್ಜೀ! ನೀನ ಹೇಳಿದ್ದು!" ಎಂದು ಕೂಗಿದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು!

ಅಜ್ಜಿ ಕೆಳಗಿನಿಂದ ಬೈದ ಬೈಗುಳವನ್ನು ಇಲ್ಲಿ ಬರೆಯುವುದಿಲ್ಲ.

ಮಾಳಿಗೆಯ ಮೇಲೆ ಕಾಲಿಡಲು ಜಾಗವಿರಲಿಲ್ಲ, ಎಲ್ಲ ಕೆಂಪೋ ಕೆಂಪು ಮೆಣಸಿನಕಾಯಿ. ಬರಿಗಾಲಲ್ಲಿ ಅದರ ನಡುವೆ ಹೆಜ್ಜೆ ಹುಡುಕುತ್ತ, ಸೀನುತ್ತ ನಡೆದೆ. ಒಂದೊಂದು ಮನೆಯ ಬೆಳಕಿಂಡಿ ಬಂದಾಗಲೂ ಬಗ್ಗಿ, "ಏಣಿ ಹತ್ತಿ ಬರ್ರೇ! ಹೊಸ್ತಲಾ ದಾಟಾದು ಬ್ಯಾಡ!" ಎಂದು ಕೂಗಿದೆ. ಮೊದಲ ಎರಡು ಮನೆಯಿಂದ ಯಾರೂ ಬರಲಿಲ್ಲ. ಮೂರನೆಯ ಮನೆಯಿಂದ ಇಬ್ಬರು ಬಂದರು. ಆಮೇಲೆ ನೋಡಬೇಕಿತ್ತು! ಕೆದರಿದ ತಲೆಯ ಮಕ್ಕಳು ಇಲಿಗಳ ಹಾಗೆ ಒಂದೊಂದೇ ಕಿಂಡಿಯಿಂದ ಮೇಲೆದ್ದವು. ನಡುವೆ ಎರಡು ಮನೆಗಳ ಮಧ್ಯೆ ಒಂದು ಸಂದಿ ಇತ್ತು, ದೊಡ್ಡವರಾದರೆ ಒಂದು ಹೆಜ್ಜೆ, ನಮಗೆ ಒಂದು ಜಿಗಿತ. ಆಚೆ ಮೆಣಸಿನಕಾಯಿ ಹರವುತ್ತಿದ್ದ ಆ ಮನೆಯ ಸೊಸೆ ಏನೂ ಕೇಳದೆ ಕೈ ಚಾಚಿ ತಂಗಿಯನ್ನು ಎತ್ತಿಕೊಂಡಳು. ನಾನು ಲಂಗ ಎತ್ತಿ ಕಟ್ಟಿ ಹಾರಿದೆ. ಹಾರುತ್ತ ಜೋರಾಗಿ ಕೂಗಿದೆ. ಖುಷಿಗೋ ಹೆದರಿಕೆಗೋ ಈಗಲೂ ಗೊತ್ತಿಲ್ಲ.

ಶಾಲೆಯ ಪಕ್ಕದ ಮಾಳಿಗೆಗೆ ಬಂದಾಗ ನಾವು ಹತ್ತು ಹನ್ನೆರಡು ಮಂದಿ ಇದ್ದೆವು. ಕೆಳಗೆ ನರ್ಸಮ್ಮ ನಿಜವಾಗಿಯೂ ಪೆಟ್ಟಿಗೆ ಕಟ್ಟುತ್ತಿದ್ದಳು. ಎಲ್ಲರೂ ಸಾಲಾಗಿ ನಿಂತು ಕೈ ಚಾಚಿ ಒಟ್ಟಿಗೆ ಕಿರುಚಿದೆವು. ಆಕೆ ತಲೆಯೆತ್ತಿ, "ಕೋತುಲಾ ಮೀರು?" ಎಂದಳು, ನೀವೇನು ಕೋತಿಗಳೇ ಎಂದು. ಕೆಳಗಿಳಿಯಿರಿ ಎಂದು ಕೈ ಮಾಡಿದಳು. ಇಳಿಯುವ ಹಾಗಿಲ್ಲ, ಅಮ್ಮ ಬಂದಾಳೆ, ಹೊಸ್ತಿಲು ದಾಟಬಾರದು ಎಂದು ನಾನು ಹರಕು ತೆಲುಗಿನಲ್ಲಿ ಹೇಳಿದೆ. ನರ್ಸಮ್ಮ ಒಂದು ಗಳಿಗೆ ಬೇವಿನ ಸೊಪ್ಪಿನ ಓಣಿಯ ಕಡೆ ನೋಡಿದಳು. ಆಮೇಲೆ ಬಿದ್ದು ಬಿದ್ದು ನಕ್ಕಳು. "ಮಾ ಇಂಟ್ಲೋನೂ ಅಂತೇ" ಎಂದಳು, ತಮ್ಮ ಮನೆಯಲ್ಲೂ ಹೀಗೇ ಎಂದು. ಸೀರೆ ಎತ್ತಿ ಸಿಕ್ಕಿಸಿ, ಏಣಿ ತರಿಸಿ, ಪೆಟ್ಟಿಗೆ ಸಮೇತ ತಾನೇ ಮಾಳಿಗೆಗೆ ಬಂದಳು!

ಒಬ್ಬೊಬ್ಬರ ಮುಂಗೈ ಬೆರಳಿನಿಂದ ಸವರಿ, ಸಣ್ಣ ಅಳತೆಪಟ್ಟಿ ಇಟ್ಟು ನೋಡಿ ಪುಸ್ತಕದಲ್ಲಿ ಬರೆದುಕೊಂಡಳು. ತಂಗಿಯ ಕೈ ನುಣ್ಣಗಿತ್ತು. ಆಕೆಯ ಎಡತೋಳಿಗೆ ಸೂಜಿ ಬಿತ್ತು, ಓಣಿ ಹಾರಿಹೋಗುವಂತೆ ಕಿರುಚಿದಳು. ಇನ್ನು ನನ್ನ ಸರದಿ. ಬಾತ ಕೈಯನ್ನು ಬಹುಮಾನದ ಹಾಗೆ ಮುಂದೆ ಹಿಡಿದೆ. ನರ್ಸಮ್ಮ ಅಳೆದಳು. ಮತ್ತೊಮ್ಮೆ ಅಳೆದಳು. ಪುಸ್ತಕ ಮುಚ್ಚಿ, "ನೀಕು ವದ್ದಮ್ಮಾ" ಎಂದಳು. ನಿನಗೆ ಬೇಡ.

ನಾನು ತೋಳು ಮುಂದೆ ಮಾಡಿ, ಹಾಕು ಎಂದೆ. ಬೇಡ ಎಂದಳು. ಹಾಕು ಎಂದು ಕಿರುಚಿದೆ. ನನ್ನ ಭುಜ ಹಿಡಿದು ಸಮಾಧಾನ ಮಾಡಲು ಬಂದ ಆ ಕೈಯನ್ನೇ ಕಚ್ಚಿದೆ. ಅಷ್ಟೂ ಮೆಣಸಿನಕಾಯಿ ತುಳಿದು, ಸಂದಿ ಹಾರಿ ಬಂದವಳಿಗೆ ಬೇಡ, ಏನೂ ಗೊತ್ತಿಲ್ಲದ ಆ ನಾಲ್ಕು ವರ್ಷದ್ದಕ್ಕೆ ಬೇಕು! "ಹಂಗಾದ್ರ ಅವ್ವನ ಹತ್ರ ನಾ ಮಲಗಾಕ ಆಗಲ್ಲ!" ಎಂದು ಅತ್ತುಬಿಟ್ಟೆ.

ಯಾವ ಅವ್ವ, ಏನು ಕಥೆ ಎಂದು ಆಕೆ ಕೇಳಿದಳು. ಬಿಕ್ಕುತ್ತ ಎಲ್ಲ ಹೇಳಿದೆ: ಆಸ್ಪತ್ರೆ, ಕಾಗದ, ಶನಿವಾರ. ಆಕೆಯ ನಗು ನಿಂತಿತು. ಅವ್ವನ ಹತ್ತಿರ ಮಲಗುತ್ತಿದ್ದೆಯಾ ಎಂದು ಮೆಲ್ಲಗೆ ಕೇಳಿದಳು. ಕದ್ದು ಮಲಗುತ್ತಿದ್ದೆ ಎಂದೆ. ಆ ಗುಟ್ಟು ಇನ್ನೊಬ್ಬರಿಗೆ ಹೇಳಿದ್ದು ಅದೇ ಮೊದಲು.

ತನ್ನ ಜತೆ ಜೀಪಿನಲ್ಲಿ ಬಂದು ಕೆಳಗೆ ಕುಳಿತಿದ್ದ ಡಾಕ್ಟರನ್ನು ಕೂಗಿ ಕರೆದಳು. ಆತ ಮೇಲೆ ಬಂದು ನನ್ನ ಬೆನ್ನಿಗೆ ಕೊಳವೆ ಇಟ್ಟು ಕೇಳಿದ, ಕುತ್ತಿಗೆ ಮುಟ್ಟಿ ನೋಡಿದ, ಕೆಮ್ಮು ಇದೆಯೇ, ಜ್ವರ ಬರುತ್ತದೆಯೇ ಎಂದು ಕೇಳಿದ. ಇಲ್ಲ ಎಂದೆ. ಆಮೇಲೆ ನರ್ಸಮ್ಮ ನನ್ನನ್ನು ಎದುರಿಗೆ ಕೂರಿಸಿಕೊಂಡು, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ತಿಳಿಸಿದಳು. ಆ ರೋಗದ ಹುಳು ಒಮ್ಮೆ ನನ್ನ ಮೈಯೊಳಗೆ ಬಂದಿದೆ, ಮೈ ಅದನ್ನು ಗುರುತು ಹಿಡಿದಿದೆ, ಅದಕ್ಕೇ ಈ ಬಾವು. ಹುಳು ಬಂದವರೆಲ್ಲ ರೋಗಿಗಳಲ್ಲ. ಇನ್ನೂ ಗುರುತು ಸಿಗದ ಮೈಗೆ ಗುರುತು ಹೇಳಿಕೊಡಲಿಕ್ಕೆ ಈ ಸೂಜಿ. ನನ್ನ ಮೈ ಆ ಪಾಠ ಮೊದಲೇ ಕಲಿತಿದೆ, ಮತ್ತೆ ಕಲಿಸಿ ಫಲವಿಲ್ಲ. ಚೆನ್ನಾಗಿ ಉಣ್ಣಬೇಕು, ಕೆಮ್ಮು ಜ್ವರ ಬಂದರೆ, ಮೈ ಇಳಿದರೆ ಆದೋನಿಯ ಆಸ್ಪತ್ರೆಗೆ ತೋರಿಸಬೇಕು. ಅಪ್ಪ ಮುಂದೆ ಮೂರು ವರ್ಷ ತಪ್ಪದೆ ತೋರಿಸಿದ. ನನಗೆ ಏನೂ ಆಗಲಿಲ್ಲ.

"ಮಲಗಬೌದಾ?" ಎಂದು ಕೇಳಿದೆ. ಅವ್ವನ ಕಫ ಶುದ್ಧವಾಗಿದೆ ಎಂದು ಆಸ್ಪತ್ರೆಯವರೇ ಬರೆದಿದ್ದಾರಲ್ಲ, ಮಲಗಬಹುದು ಎಂದಳು. ಕಾಗದದಲ್ಲಿ ಬರೆದುಕೊಡು ಎಂದೆ. ಅಜ್ಜಿಗೂ ಅಪ್ಪನಿಗೂ ತೋರಿಸಬೇಕಲ್ಲ! ಹಲ್ಲಿನ ಗುರುತು ಮೂಡಿದ್ದ ಅದೇ ಕೈಯಿಂದ ಆಕೆ ಬರೆದುಕೊಟ್ಟಳು.

ಶನಿವಾರ ಬೆಳಿಗ್ಗೆ ಅಜ್ಜಿ ನಮ್ಮಿಬ್ಬರಿಗೂ ಬೇವಿನ ನೀರು ಹಾಕಿ, ಮೊಸರನ್ನ ಎಡೆಯಿಟ್ಟು ಅಮ್ಮನನ್ನು ಕಳಿಸಿಕೊಟ್ಟಳು. "ಹೊಸ್ತಲಾ ದಾಟಲಿಲ್ಲ ಬಿಡು, ಅಷ್ಟು ಮಾತು ಕೇಳಿದ್ಲು" ಎಂದು ಪಕ್ಕದ ಮನೆಯಾಕೆಗೆ ಹೇಳುವಾಗ ಆಕೆಯ ದನಿಯಲ್ಲಿ ಸಿಟ್ಟಿಗಿಂತ ಜಂಬವೇ ಹೆಚ್ಚಾಗಿತ್ತು.

ಊಟದ ಹೊತ್ತಿಗೆ ಗಾಡಿ ಬಂತು. ಅವ್ವ ಇಳಿದಳು. ಕೆನ್ನೆ ತುಂಬಿತ್ತು, ಬಣ್ಣ ಬಂದಿತ್ತು. ನನಗೆ ಒಂದು ಗಳಿಗೆ ಬೇರೆ ಯಾರೋ ಅನ್ನಿಸಿ ಕಾಲು ನಿಂತುಬಿಟ್ಟಿತು. ಆಕೆ ಮಾತ್ರ ಹಳೇ ರೂಢಿಯಂತೆ ಸೆರಗು ಬಾಯಿಗೆ ಅಡ್ಡ ಹಿಡಿದು ಅಂಗಳದಲ್ಲೇ ನಿಂತಳು. ಅಜ್ಜಿ ನೀರು ನಿವಾಳಿಸಿದಳು. ತಂಗಿ ಅಜ್ಜಿಯ ಸೀರೆಯ ಹಿಂದೆ ಅಡಗಿತು. ನಾನು ಅದನ್ನು ಎಳೆದು ಮುಂದೆ ತಂದು, ತೋಳು ತಿರುಗಿಸಿ ಸೂಜಿ ಹಾಕಿದ ಜಾಗ ತೋರಿಸಿದೆ. ಅವ್ವ ನೋಡಿ ನಕ್ಕಳು.

"ನಿಂದು?" ಎಂದಳು.

ನಾನು ಮುಂಗೈ ಮುಂದೆ ಮಾಡಿದೆ. ಬಾವು ಇಳಿದು ಕಂದುಬಣ್ಣಕ್ಕೆ ತಿರುಗಿತ್ತು. "ನನಗ ಬ್ಯಾಡಂತ ಅವ್ವಾ! ನನ್ನ ಮೈ ಮೊದಲ ಕಲ್ತುಬಿಟ್ಟೈತಂತ! ಬರದು ಕೊಟ್ಟಾರ ನೋಡು!" ಎಂದು ಕಾಗದ ಆಡಿಸುತ್ತ ಕುಪ್ಪಳಿಸಿದೆ.

ಹದಿನಾಲ್ಕು ತಿಂಗಳು ಆ ಆಸ್ಪತ್ರೆಯಲ್ಲಿದ್ದವಳಿಗೆ ಆ ಕಂದು ಗುರುತಿನ ಅರ್ಥ ಹೇಳಿಕೊಡಬೇಕಾಗಿರಲಿಲ್ಲ. ಅವ್ವ ಕಟ್ಟೆಯ ಮೇಲೆ ಕುಸಿದು ಕುಳಿತಳು. ನನ್ನ ಕೈ ಹಿಡಿದು ಆ ಗುರುತಿನ ಸುತ್ತ ಬೆರಳಾಡಿಸಿದಳು. ಕಣ್ಣಿಂದ ನೀರು ಸುರಿಯತೊಡಗಿತು. "ನನ್ನ ರೋಗದ ಹುಳು ಈಕಿಗೂ ಮುಟ್ಟೈತಿ ಅತ್ತಿ" ಎಂದಳು.

"ನಿನ್ನ ಕ್ವಾಣಿಯೊಳಗ ಯಾರನ್ನೂ ಬಿಟ್ಟಿದ್ದಿಲ್ಲಲ್ಲ, ಹೆಂಗ ಬಂತು ಈಕಿಗೆ?" ಎಂದಳು ಅಜ್ಜಿ.

"ಬರ್ತಿದ್ಲು ಅತ್ತಿ. ದಿನಾ ಮಧ್ಯಾಹ್ನ" ಎಂದಳು ಅವ್ವ. ಆಮೇಲೆ ನನ್ನ ಕಡೆ ತಿರುಗಿದಳು. "ನಾ ಎಚ್ಚರ ಇರ್ತಿದ್ದೆ ಮಗಾ. ನೀ ಗ್ವಾಡಿ ಹಿಂದ ಕುಂತಿರಾದು ಗೊತ್ತಾಗತಿತ್ತು. ಹಲ್ಲು ಕಚ್ಚಿ ಕೆಮ್ಮು ತಡಕೊಂಡು ನಿದ್ದಿ ಬಂದಂಗ ಮಾಡ್ತಿದ್ದೆ. ಎಬ್ಬಿಸಿ ಕಳಸಬೇಕಿತ್ತು. ಮನಸ್ಸು ಬರಲಿಲ್ಲ."

ಆಕೆ ಯಾಕೆ ಅಷ್ಟು ಅತ್ತಳು ಎಂದು ಈಗ ನನಗೆ ಚೆನ್ನಾಗಿ ಗೊತ್ತು. ಅವತ್ತು ನನ್ನ ತಲೆಗೆ ಹೋದದ್ದು ಒಂದೇ: ಅವ್ವನಿಗೆ ಗೊತ್ತಿತ್ತು! ಅಷ್ಟು ದಿನವೂ ಆಕೆಗೆ ನಾನು ಬರುವುದು ಬೇಕಾಗಿತ್ತು! ಅಂಗಳದ ತುಂಬ ಓಡಿದೆ, ತಂಗಿಯನ್ನು ಎತ್ತಿ ತಿರುಗಿಸಿದೆ, ಅಜ್ಜಿ ಕಿವಿ ಹಿಂಡಿದ ಮೇಲೆ ನಿಂತೆ.

ಊಟ ಮುಗಿದು ಅವ್ವ ಹಿಂದಿನ ಕೋಣೆಗೆ ಮಲಗಲು ಹೋದಳು. ಆಕೆಗೆ ನಿದ್ದೆ ಬರಲಿ ಎಂದು ನಾನು ಕಾಯಲಿಲ್ಲ.